ಹರಿವ ನಾಮ್ ಊ, ನಿಂತ ನಾಮ್ ಊ

ದೋಣಿಗೆ ಕೈ ಹಾಕುವ ಮೊದಲು ನಮ್ಮ ಗೈಡ್ ಮರಳಿನ ಮೇಲೆ ಬೆರಳಿನಿಂದ ‘ವಿ’ ಆಕಾರದ ಎರಡು ಗುರುತು ಬರೆದ. ನೀರಿನ ಮೇಲೆ ಮೂಡುವ ‘ವಿ’ಯ ಚೂಪು ತುದಿ ಹರಿವಿನ ದಿಕ್ಕಿಗಿದ್ದರೆ ಎರಡು ಬಂಡೆಗಳ ನಡುವೆ ದಾರಿಯಿದೆ, ನುಗ್ಗಬಹುದು. ತುದಿ ನಮ್ಮ ಕಡೆಗೆ ತಿರುಗಿದ್ದರೆ ಅಲ್ಲೇ ಒಂದು ಬಂಡೆ ಮುಳುಗಿ ಕೂತಿದೆ, ಪಕ್ಕಕ್ಕೆ ಸರಿಯಬೇಕು. ಕಯಾಕ್ ಪಾಠ ಅಷ್ಟೇ. ಉತ್ತರ ಲಾವೋಸ್‌ನ ಮುವಾಂಗ್ ಙೋಯ್ ಎಂಬ ಪುಟ್ಟ ಊರಿನ ದಡದಲ್ಲಿ, ಡಿಸೆಂಬರಿನ ಚಳಿಯಲ್ಲಿ ನಾವು ಐದು ಜನ ಲೈಫ್ ಜಾಕೆಟ್ ಬಿಗಿದುಕೊಂಡು ನಿಂತಿದ್ದೆವು. ಎದುರಿನ ಸುಣ್ಣಕಲ್ಲಿನ ಬೆಟ್ಟಗಳನ್ನು ಮಂಜು ಮುಚ್ಚಿತ್ತು, ನೆತ್ತಿ ಮಾತ್ರ ಕಾಣುತ್ತಿತ್ತು.

ನದಿಯ ಹೆಸರು ನಾಮ್ ಊ. ಲಾವೋ ಭಾಷೆಯಲ್ಲಿ ‘ನಾಮ್’ ಎಂದರೆ ನೀರು, ಹೊಳೆಗೂ ಅದೇ ಪದ. ಚೀನಾದ ಯುನ್ನಾನ್ ಗಡಿಯ ಕಡೆಯಿಂದ ಸುಮಾರು 450 ಕಿ.ಮೀ. ಇಳಿದು ಬಂದು, ಲುವಾಂಗ್ ಪ್ರಬಾಂಗ್ ಪಟ್ಟಣಕ್ಕಿಂತ ಸ್ವಲ್ಪ ಮೇಲೆ, ಬುದ್ಧನ ಮೂರ್ತಿಗಳು ತುಂಬಿದ ಪಾಕ್ ಊ ಗುಹೆಗಳ ಎದುರು ಮೆಕಾಂಗ್ ಸೇರುತ್ತದೆ. ಈ ಬೆಟ್ಟನಾಡಿಗೆ ಬಹುಕಾಲ ಇದೇ ಹೆದ್ದಾರಿ. ಮುವಾಂಗ್ ಙೋಯ್‌ಗೆ ರಸ್ತೆ ಬಂದದ್ದು ತೀರಾ ಈಚೆಗೆ. ಈಗಲೂ ಬಹುತೇಕ ಪ್ರವಾಸಿಗರು ನದಿಯ ಕೆಳಭಾಗದ ನೋಂಗ್ ಖಿಯಾವ್ ಎಂಬ ಊರಿನಿಂದ ಉದ್ದನೆಯ ಮರದ ದೋಣಿಯಲ್ಲಿ ಒಂದು ತಾಸು ಪ್ರಯಾಣ ಮಾಡಿಯೇ ಇಲ್ಲಿಗೆ ಬರುತ್ತಾರೆ.

ನೀರಿಗಿಳಿಯುವ ಮೊದಲಿನ ಎರಡು ದಿನ ನಾವು ನಡೆದಿದ್ದೆವು. ಊರ ಹಿಂದಿನ ಕಾಲುದಾರಿ ಥಾಮ್ ಕಾಂಗ್ ಗುಹೆಯನ್ನು ಹಾದು, ಕೊಯ್ಲು ಮುಗಿದ ಗದ್ದೆಬಯಲಿಗೆ ತೆರೆದುಕೊಳ್ಳುತ್ತದೆ. ಅಲ್ಲಿಂದ ಬಾನ್ ನಾ, ಹುವಾಯ್ ಬೋ ಎಂಬ ಹಳ್ಳಿಗಳು. ಒದ್ದೆ ಎಲೆಗಳ ಮೇಲೆ ಇಂಬಳ ಕಾಣಬಹುದೆಂದು ಮಲೆನಾಡಿನ ಅಭ್ಯಾಸದಲ್ಲಿ ಕಾಲು ನೋಡಿಕೊಳ್ಳುತ್ತಿದ್ದೆ. ಗೈಡ್‌ಗೆ ಬೇರೆಯೇ ಚಿಂತೆ. ಮೂತ್ರಕ್ಕೆಂದು ನಮ್ಮಲ್ಲೊಬ್ಬರು ದಾರಿ ಬಿಟ್ಟು ಪೊದೆಯ ಕಡೆ ಹೊರಟಾಗ ಅವನು ಕೂಗಿ ನಿಲ್ಲಿಸಿದ. ಅವನ ಧ್ವನಿ ಏರಿದ್ದು ಆ ಮೂರು ದಿನಗಳಲ್ಲಿ ಅದೊಂದೇ ಸಲ.

1964ರಿಂದ 1973ರವರೆಗೆ ಅಮೆರಿಕ ಈ ಪುಟ್ಟ ದೇಶದ ಮೇಲೆ 20 ಲಕ್ಷ ಟನ್‌ಗಿಂತ ಹೆಚ್ಚು ಬಾಂಬು ಸುರಿಯಿತು. ವಿಯೆಟ್ನಾಂ ಯುದ್ಧದ ನೆರಳಿನಲ್ಲಿ ನಡೆದ ಈ ದಾಳಿ ಅಮೆರಿಕದ ಜನರಿಗೇ ಬಹುಕಾಲ ಗೊತ್ತಿರಲಿಲ್ಲ. ಒಂದೊಂದು ಕ್ಲಸ್ಟರ್ ಬಾಂಬಿನೊಳಗೆ ನೂರಾರು ಮರಿಬಾಂಬುಗಳು. ಚೆಂಡಿನಷ್ಟು ಗಾತ್ರದ ಅವನ್ನು ಇಲ್ಲಿಯವರು ‘ಬೊಂಬಿ’ ಎನ್ನುತ್ತಾರೆ. ಬಿದ್ದ ಸುಮಾರು 27 ಕೋಟಿ ಬೊಂಬಿಗಳಲ್ಲಿ 8 ಕೋಟಿಯಷ್ಟು ಸಿಡಿಯದೆ ಮಣ್ಣಿನಲ್ಲೇ ಉಳಿದವೆಂಬ ಅಂದಾಜಿದೆ. ನೋಂಗ್ ಖಿಯಾವ್ ಬಳಿಯ ಫಾ ತೋಕ್ ಗುಹೆಯಲ್ಲಿ ಆ ವರ್ಷಗಳಲ್ಲಿ ಹಳ್ಳಿಗರು ಸಂಸಾರ ಹೂಡಿದ್ದರು. ಹಗಲು ಗುಹೆ, ಕತ್ತಲಾದ ಮೇಲೆ ಗದ್ದೆ ಕೆಲಸ. ಹಾಗಾಗಿ ಇಲ್ಲಿ ಗೈಡ್ ಬೇಕಾಗುವುದು ದಾರಿ ತೋರಿಸುವುದಕ್ಕೆ ಮಾತ್ರ ಅಲ್ಲ, ಎಲ್ಲಿ ಕಾಲಿಡಬಾರದು ಎಂದು ಹೇಳುವುದಕ್ಕೂ. ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಳ್ಳದೆ, ಫೋನಿನ ನಕಾಶೆ ನಂಬಿ ಈ ಬೆಟ್ಟಗಳಿಗೆ ಯಾರೂ ಹೋಗಬಾರದು.

ರಾತ್ರಿ ಉಳಿದ ಮನೆಯ ಅಂಗಳದಲ್ಲಿ ಒಂದು ಬಾಂಬಿನ ಕವಚವನ್ನು ಉದ್ದಕ್ಕೆ ಸೀಳಿ, ಮಣ್ಣು ತುಂಬಿ, ಈರುಳ್ಳಿ ಹೂ ಮತ್ತು ಪುದೀನ ಬೆಳೆದಿದ್ದರು. ಮನೆಯ ಅಜ್ಜಿ ಅದರಿಂದಲೇ ಸೊಪ್ಪು ಕಿತ್ತು ಸಾರಿಗೆ ಹಾಕಿದರು. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಬಂದ ಖಾವ್ ನಿಯಾವ್ ಎಂಬ ಅಂಟಕ್ಕಿಯ ಅನ್ನವನ್ನು ಕೈಯಲ್ಲೇ ಉಂಡೆ ಕಟ್ಟಿ, ಸುಟ್ಟ ಮೆಣಸಿನಕಾಯಿಯ ಜಿಯಾವ್ ಚಟ್ನಿಗೆ ಅದ್ದಿ ತಿನ್ನಬೇಕು. ಮುದ್ದೆ ಉಂಡವರಿಗೆ ಈ ಊಟ ಹೊಸದೆನಿಸುವುದಿಲ್ಲ. ಬಾಳೆಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಮೀನೂ ಇತ್ತು. ಆದರೆ ನನ್ನ ನಾಲಿಗೆಯಲ್ಲಿ ಉಳಿದದ್ದು ಕೈಪೆನ್. ನದಿಯ ಕಲ್ಲುಗಳ ಮೇಲೆ ಬೆಳೆಯುವ ಹಸಿರು ಪಾಚಿಯನ್ನು ತೊಳೆದು, ಹಾಳೆಯಂತೆ ಹರಡಿ, ಎಳ್ಳು, ಬೆಳ್ಳುಳ್ಳಿ, ಟೊಮೆಟೊ ಚೂರು ಉದುರಿಸಿ ಬಿಸಿಲಿಗೆ ಒಣಗಿಸುತ್ತಾರೆ. ನಮ್ಮ ಹಪ್ಪಳದ ಹಾಗೆ ಎಣ್ಣೆಯಲ್ಲಿ ಕರಿಯುತ್ತಾರೆ. ಮಳೆಯಿಲ್ಲದ ತಿಂಗಳುಗಳಲ್ಲಿ ತಿಳಿಯಾಗಿ, ತೆಳುವಾಗಿ ಓಡುವ ನೀರಿನಲ್ಲಷ್ಟೇ ಅದು ಹುಲುಸಾಗಿ ಬೆಳೆಯುತ್ತದೆ. ಓಡುವ ನೀರು ಎಂಬ ಮಾತಿನ ತೂಕ ಮರುದಿನ ತಿಳಿಯಿತು.

ಕಯಾಕ್‌ನಲ್ಲಿ ಕೂತವರಿಗೆ ನದಿ ಎದೆಮಟ್ಟದಲ್ಲಿರುತ್ತದೆ. ಎಂಜಿನ್ ದೋಣಿಯಲ್ಲಿ ಬರುವಾಗ ಕೇಳದಿದ್ದದ್ದೆಲ್ಲ ಈಗ ಕೇಳಿಸಿತು. ದಡದ ಎಮ್ಮೆ ಉಸಿರು ಬಿಟ್ಟದ್ದು, ಬಂಡೆಯ ಗೋಡೆಗೆ ಬಡಿದು ವಾಪಸಾದ ಹಕ್ಕಿಯ ಕೂಗು, ಬಲೆ ಬೀಸಿದ ಮೀನುಗಾರನ ಕೆಮ್ಮು. ನಾನು ಮುಂದೆ, ಗೈಡ್ ಹಿಂದೆ. ಹಿಂದಿನವನೇ ದಿಕ್ಕು ಹಿಡಿಯುವವನು, ಮುಂದಿನವನದು ಬರೀ ರಟ್ಟೆಬಲ. ಮೊದಲ ತಿರುವಿನಲ್ಲೇ ಚೂಪು ಮುಂದಿದ್ದ ‘ವಿ’ ಕಂಡಿತು. ಹರಿವು ದೋಣಿಯನ್ನು ಹಿಡಿದೆಳೆದುಕೊಂಡಿತು, ಮುಖಕ್ಕೆ ನೀರು ರಾಚಿತು, ಉಸಿರು ಬಿಡುವಷ್ಟರಲ್ಲಿ ಆಚೆಗಿದ್ದೆವು. ಇನ್ನೊಮ್ಮೆ ಅಂಥದ್ದು ಬರಲೆಂದು ಮನಸ್ಸು ಕಾಯುತ್ತಲೇ ಇತ್ತು.

ಬರಲಿಲ್ಲ. ಕೆಳಗಿಳಿದಂತೆ ಸದ್ದು ಅಡಗಿತು, ನೀರಿನ ಬಣ್ಣ ಗಾಢವಾಯಿತು, ಹುಟ್ಟು ಭಾರವಾಯಿತು. ನನಗೆ ಸುಸ್ತಾಯಿತೇನೋ ಅಂದುಕೊಂಡೆ. ಅಲ್ಲ, ನದಿಯೇ ನಮ್ಮನ್ನು ಒಯ್ಯುವುದನ್ನು ನಿಲ್ಲಿಸಿತ್ತು. ಚೀನಾದ ಕಂಪನಿಯೊಂದು ನಾಮ್ ಊ ಉದ್ದಕ್ಕೂ ಏಳು ಅಣೆಕಟ್ಟುಗಳನ್ನು ಮೆಟ್ಟಿಲಿನಂತೆ ಕಟ್ಟಿದೆ. 2021ರ ಹೊತ್ತಿಗೆ ಏಳೂ ಕೆಲಸ ಆರಂಭಿಸಿದವು. ಒಟ್ಟು ಸಾಮರ್ಥ್ಯ 1,272 ಮೆಗಾವಾಟ್. ನಾವು ಹುಟ್ಟು ಹಾಕುತ್ತಿದ್ದ ಹರವು ಅವುಗಳಲ್ಲಿ ಎರಡರ ನಡುವಿನದು. ಮೇಲಿನದು ನೀರು ಬಿಟ್ಟಾಗ ಏರುತ್ತದೆ, ಕೆಳಗಿನದರ ಹಿನ್ನೀರು ಒತ್ತಿದಾಗ ನಿಲ್ಲುತ್ತದೆ. ದಾಂಡೇಲಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ಮಾಡಿದವರು ಸೂಪಾ ಅಣೆಕಟ್ಟಿನಿಂದ ನೀರು ಬಿಡುವ ಗಳಿಗೆಗೆ ಕಾದಿರುತ್ತಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕರೆಂಟು ಬೇಡವೆಂದು ಹೇಳುವ ಹಕ್ಕು ನನಗಿಲ್ಲ. ಅಜ್ಜಿಯ ಮನೆಯಲ್ಲೂ ಒಂದು ಬಲ್ಬು ಉರಿಯುತ್ತಿತ್ತು. ಆದರೆ ಈ ನದಿಯನ್ನು ಯಾರೂ ಮುಟ್ಟದ ಸ್ವರ್ಗ ಎಂದು ಬಣ್ಣಿಸಿ ಪ್ರವಾಸಿಗರನ್ನು ಕರೆತರುವುದು ಇಲ್ಲಿ ಬದುಕುವವರಿಗೆ ಮಾಡುವ ಅನ್ಯಾಯ. ನಮ್ಮ ಗೈಡ್‌ನ ಅಪ್ಪ ದೋಣಿಯವರು. ಮೊದಲು ನೋಂಗ್ ಖಿಯಾವ್‌ನಿಂದ ಲುವಾಂಗ್ ಪ್ರಬಾಂಗ್‌ವರೆಗೆ ಇಡೀ ದಿನ ನದಿಯಲ್ಲೇ ದೋಣಿ ನಡೆಸುತ್ತಿದ್ದರಂತೆ. ಯಾವ ಬಂಡೆ ಯಾವ ತಿಂಗಳು ತಲೆ ಎತ್ತುತ್ತದೆಂದು ಅವರಿಗೆ ಬಾಯಿಪಾಠ. ಅಡ್ಡಗೋಡೆ ಎದ್ದ ಮೇಲೆ ಆ ದಾರಿ ಮುಚ್ಚಿತು. ಈಗ ಲುವಾಂಗ್ ಪ್ರಬಾಂಗ್‌ಗೆ ಹೋಗುವವರು ವ್ಯಾನು ಹತ್ತುತ್ತಾರೆ, ಮೂರು ನಾಲ್ಕು ತಾಸಿನ ದಾರಿ. ಅಪ್ಪನ ದೋಣಿ ಮುವಾಂಗ್ ಙೋಯ್‌ವರೆಗೆ ಹೋಗಿ ಬರುತ್ತದೆ, ಅಷ್ಟೇ. ಕೈಪೆನ್ ಪಾಚಿ ಹಿಂದೆ ಮನೆಯ ಮುಂದಿನ ಕಲ್ಲುಗಳ ಮೇಲೇ ಸಿಗುತ್ತಿತ್ತು, ಈಗ ಅಮ್ಮ ಬೇರೆ ಕಡೆಯಿಂದ ಕೊಂಡು ತರುತ್ತಾಳೆ ಎಂದ.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ನೋಂಗ್ ಖಿಯಾವ್‌ನ ಸೇತುವೆ ದೂರದಲ್ಲಿ ಕಂಡಿತು. ಬೆಟ್ಟಗಳು ತಲೆಕೆಳಗಾಗಿ ನೀರಿನಲ್ಲಿ ಅಲುಗದೆ ನಿಂತಿದ್ದವು. ನಾನು ಹುಟ್ಟು ಎತ್ತಿ ಮಡಿಲ ಮೇಲೆ ಅಡ್ಡ ಇಟ್ಟುಕೊಂಡು ಕಾದೆ. ದೋಣಿ ಸ್ವಲ್ಪ ಜಾರಿತು, ನಿಧಾನವಾಯಿತು, ನಿಂತಿತು. ಸೇತುವೆ ಇದ್ದಲ್ಲೇ ಇತ್ತು. ಹಿಂದಿನಿಂದ ಗೈಡ್ ಏನೂ ಹೇಳದೆ ಒಂದು ಹುಟ್ಟು ಹಾಕಿದ. ನಾನೂ ಹಾಕಿದೆ.