ಎಲೆಯ ದಿಡ್ಡಿ ಬಾಗಿಲು

‘ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬುದು ಹಿರಿಯರ ಗಾದೆ. ಮನುಷ್ಯರಲ್ಲಿ ಬಲು ಸಾಮಾನ್ಯವಾದ ಈ ಅವಿವೇಕ ಗಿಡಗಳಲ್ಲಿ ಅಷ್ಟಾಗಿ ಇಲ್ಲವೆಂದರೆ ಇತಿಹಾಸ, ತರ್ಕಗಳನ್ನು ಓದುವ ಮಿತ್ರರು ನಕ್ಕಾರು. ಆದರೂ ಮಾತು ನಿಜ. ಹಸಿರೆಲೆಗೂ ದಿಡ್ಡಿ ಬಾಗಿಲುಗಳುಂಟು. ಶತ್ರುವಿನ ಸುಳಿವು ಸಿಕ್ಕೊಡನೆ ಅವುಗಳನ್ನು ಮುಚ್ಚುವ ಜಾಣ್ಮೆಯೂ ಅದಕ್ಕುಂಟು.

ಎಲೆಯ ಹೊರಪೊರೆಯನ್ನು ತೆಳ್ಳಗೆ ಸುಲಿದು ಸೂಕ್ಷ್ಮದರ್ಶಕದಲ್ಲಿಟ್ಟರೆ ಅಲ್ಲಲ್ಲಿ ಎರಡು ತುಟಿಗಳಂತಹ ಜೀವಕೋಶಗಳು ಕಾಣುತ್ತವೆ. ಇವೇ ಕಾವಲು ಕೋಶಗಳು. ಇವುಗಳ ನಡುವಣ ಕಂಡಿಯೇ ಪತ್ರರಂಧ್ರ. ಕಾವಲು ಕೋಶಗಳು ನೀರು ಹೀರಿ ಉಬ್ಬಿದಾಗ ಕಂಡಿ ತೆರೆಯುತ್ತದೆ. ನೀರು ಕಳೆದುಕೊಂಡು ಸೊರಗಿದಾಗ ಮುಚ್ಚುತ್ತದೆ. ಆಹಾರ ತಯಾರಿಕೆಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಒಳಬರುವುದೂ ನೀರಾವಿ ಹೊರಹೋಗುವುದೂ ಇಲ್ಲಿಂದಲೇ. ಪತ್ರರಂಧ್ರದ ಕೆಲಸ ಇಷ್ಟೇ ಎಂದು ಬಹುಕಾಲ ಪಾಠ ಹೇಳುತ್ತಿದ್ದರು.

ಗಾಳಿಗೆ ತೆರೆದ ಬಾಗಿಲು ಕಳ್ಳನಿಗೂ ತೆರೆದಂತೆಯೇ. ಕೊಡಗು, ಚಿಕ್ಕಮಗಳೂರುಗಳ ಕಾಫಿಗೆ ತಗುಲುವ ತುಕ್ಕುರೋಗದ ಶಿಲೀಂಧ್ರ ಎಲೆಯ ಅಡಿಮೈಯ ಪತ್ರರಂಧ್ರಗಳಿಂದಲೇ ಒಳಹೊಗುತ್ತದೆ. ತೋಟದವರು ಬೋರ್ಡೊ ದ್ರಾವಣವನ್ನು ಎಲೆಯ ಅಡಿಮೈಗೆ ತಾಗುವಂತೆ ಸಿಂಪಡಿಸುವುದರ ಗುಟ್ಟು ಇದೇ. ಬ್ಯಾಕ್ಟೀರಿಯಗಳಿಗಂತೂ ಎಲೆಯ ಮೈಯನ್ನು ಕೊರೆಯುವ ಶಕ್ತಿಯಿಲ್ಲ; ಗಾಯಗಳು, ಪತ್ರರಂಧ್ರಗಳಂತಹ ತೆರವುಗಳೇ ಅವುಗಳ ದಾರಿ.

ಹಾಗಾದರೆ ಎಲೆ ಸುಮ್ಮನಿರುತ್ತದೆಯೆ? ಇಲ್ಲವೆಂಬುದನ್ನು ಅಮೆರಿಕದ ಮಿಚಿಗನ್ ರಾಜ್ಯ ವಿಶ್ವವಿದ್ಯಾನಿಲಯದ ಸಂಶೋಧಕರು 2006ರಲ್ಲಿ ತೋರಿಸಿದರು. ಸಾಸಿವೆಯ ಬಳಗಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಎಲೆಗೆ ಸ್ಯೂಡೊಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯವನ್ನು ಸೋಕಿಸಲು, ಸುಮಾರು 2 ಗಂಟೆಗಳೊಳಗೆ ಬಹುಪಾಲು ಪತ್ರರಂಧ್ರಗಳು ಮುಚ್ಚಿಕೊಂಡವು. ಕಣ್ಣು ಕಿವಿಗಳಿಲ್ಲದ ಎಲೆಗೆ ಶತ್ರುವಿನ ಗುರುತು ಸಿಗುವುದೆಂತು? ಬ್ಯಾಕ್ಟೀರಿಯ ಈಜಲು ಬಳಸುವ ಬಾಲದಲ್ಲಿ ಫ್ಲಾಜೆಲಿನ್ ಎಂಬ ಪ್ರೋಟೀನ್ ಇದೆ. ಅದರ ಒಂದು ತುಣುಕನ್ನು ಕಾವಲು ಕೋಶದ ಹೊರಮೈಯ ಗ್ರಾಹಕವೊಂದು ಗುರುತಿಸುತ್ತದೆ. ಒಡನೆಯೇ ಕೋಶದಿಂದ ಲವಣಾಂಶಗಳು ಹೊರಗೆ ಹರಿಯುತ್ತವೆ, ಅವುಗಳ ಹಿಂದೆ ನೀರೂ ಹೊರಡುತ್ತದೆ, ಬಾಗಿಲು ಬೀಳುತ್ತದೆ.

ಆದರೆ ಕಳ್ಳನೂ ಸಾಮಾನ್ಯನಲ್ಲ. ಅದೇ ಪ್ರಯೋಗದಲ್ಲಿ 3–4 ಗಂಟೆಗಳ ತರುವಾಯ ಬಾಗಿಲುಗಳು ಮತ್ತೆ ತೆರೆದುಕೊಂಡವು! ಗಿಡದ ಜಾಸ್ಮೋನಿಕ್ ಆಮ್ಲದ ಹಾರ್ಮೋನನ್ನು ಹೋಲುವ ಕೊರೊನಾಟಿನ್ ಎಂಬ ವಿಷವನ್ನು ಈ ಬ್ಯಾಕ್ಟೀರಿಯ ತಯಾರಿಸುತ್ತದೆ. ಮನೆಯವರ ದನಿಯನ್ನು ಅನುಕರಿಸಿ ಬಾಗಿಲು ತೆಗೆಸಿದ ಹಾಗಾಯಿತು. ಕೊರೊನಾಟಿನ್ ತಯಾರಿಸಲಾರದ ಬ್ಯಾಕ್ಟೀರಿಯಕ್ಕೆ ಈ ಉಪಾಯ ಸಾಗಲಿಲ್ಲ.

ಹಾಗಿದ್ದರೆ ಬಾಗಿಲನ್ನು ಸದಾ ಮುಚ್ಚಿಯೇ ಇಡಬಾರದೇಕೆ? ಮುಚ್ಚಿದಷ್ಟು ಹೊತ್ತೂ ಎಲೆಗೆ ಉಪವಾಸ. ಮೇಲಾಗಿ, ಒಳಹೊಕ್ಕ ಬ್ಯಾಕ್ಟೀರಿಯ ಹುಲುಸಾಗಿ ಬೆಳೆಯಲು ತೇವ ಬೇಕು. ಆಗ ಅದು ತಾನೇ ಬಾಗಿಲು ಮುಚ್ಚಿಸಿ ಎಲೆಯೊಳಗೆ ನೀರು ನಿಲ್ಲಿಸಿಕೊಳ್ಳುತ್ತದೆಂದೂ, ಗಿಡವು ಕಿರಿದಾದ ಪ್ರೋಟೀನ್ ತುಣುಕುಗಳನ್ನು ಸ್ರವಿಸಿ ಬಾಗಿಲು ತೆರೆದು ಆ ನೀರನ್ನು ಆರಿಸಲು ಯತ್ನಿಸುತ್ತದೆಂದೂ 2022ರ ಸಂಶೋಧನೆಗಳಿಂದ ತಿಳಿದುಬಂದಿದೆ. ಕಳ್ಳ ಹೊರಗಿರುವಾಗ ಮುಚ್ಚುವುದು ವಿವೇಕ. ಒಳಹೊಕ್ಕ ಮೇಲೆ ತೆರೆಯುವುದೇ ವಿವೇಕ!

ಗಾಳಿಯಲ್ಲಿ ತೇವ ಅತಿಯಾದಾಗ ಈ ಕಾವಲು ಸಡಿಲವಾಗುವುದೂ ಕಂಡುಬಂದಿದೆ. ಜಡಿಮಳೆಯ ದಿನಗಳಲ್ಲಿ ಬೆಳೆಗೆ ರೋಗ ಹೆಚ್ಚಲು ಇರುವ ಕಾರಣಗಳಲ್ಲಿ ಇದೂ ಒಂದು. ರೈತನು ಮುಗಿಲು ನೋಡಿ ಚಿಂತಿಸುವಾಗ, ಅವನ ಹೊಲದ ಒಂದೊಂದು ಎಲೆಯ ಮೇಲೂ ಅನ್ನಕ್ಕೂ ಪ್ರಾಣಕ್ಕೂ ನಡುವೆ ಇಂತಹ ತೂಗಾಟ ನಡೆದಿರುತ್ತದೆ. ದಾರಿಬದಿಯ ಎಲೆಯನ್ನು ಸುಮ್ಮನೆ ಕಿತ್ತೆಸೆಯುವ ಮುನ್ನ ಆ ಸಾವಿರಾರು ಕಾವಲುಗಾರರನ್ನು ಒಮ್ಮೆ ನೆನೆಯೋಣ.