ಸ್ಟೇರಿಂಗ್ ಕಟ್ಟಾಗುವ ಮುನ್ನ

‘ಸ್ಟೇರಿಂಗ್ ಕಟ್ಟಾಗಿ ಹೊಲಕ್ಕೆ ನುಗ್ಗಿದ ಬಸ್’. ಪತ್ರಿಕೆಯ ಜಿಲ್ಲಾ ಪುಟ ಓದುವವರಿಗೆ ಇಂಥ ತಲೆಬರಹ ಹೊಸದೇನಲ್ಲ. ಸುದ್ದಿ ಅಷ್ಟಕ್ಕೇ ಮುಗಿಯುತ್ತದೆ. ಕಟ್ಟಾದದ್ದು ಯಾವುದು, ಯಾಕೆ ಎಂದು ಮರುದಿನ ಯಾರೂ ಬರೆಯುವುದಿಲ್ಲ. ಚಾಲಕನ ಕೈಲಿದ್ದ ಚಕ್ರವಂತೂ ಕಟ್ಟಾಗಿರುವುದಿಲ್ಲ. ಅದು ಅವನ ಕೈಯಲ್ಲೇ ಗಿರಗಿರನೆ ತಿರುಗುತ್ತಿರುತ್ತದೆ. ಕಳಚಿಕೊಂಡದ್ದು ಅದರ ಕೆಳಗೆ, ಕಣ್ಣಿಗೆ ಬೀಳದ ಕಡೆ: ಒಂದು ಉಕ್ಕಿನ ದಂಡ, ಇಲ್ಲವೇ ಆ ದಂಡದ ಕೀಲು, ಇಲ್ಲವೇ ಅದರಾಚೆ ಗಾಲಿಗಳನ್ನು ತಿರುಗಿಸುವ ಟೈ ರಾಡ್.

ಆ ದಂಡವೇ ಸ್ಟೇರಿಂಗ್ ಶಾಫ್ಟ್. ಅದು ಸವೆಯುವ ಬಗೆಯನ್ನು ನೋಡಬೇಕೆಂದರೆ ಚೆನ್ನೈನ ಉತ್ತರ ತುದಿಯ ಮಣಲಿಯಂಥ ಇನ್ನೊಂದು ಜಾಗ ಸಿಗುವುದು ಕಷ್ಟ.

ಮಣಲಿಯ ಹೆಸರು ಕೇಳದ ಬೆಂಗಳೂರಿಗರಿಗೂ ಮಣಲಿಯ ನಂಟಿದೆ. ಅಲ್ಲಿನ ತೈಲ ಸಂಸ್ಕರಣಾಗಾರದಿಂದ ಹೊರಟ ಇಂಧನ ಇಂಡಿಯನ್ ಆಯಿಲ್‌ನ ಕೊಳವೆಯಲ್ಲಿ ಹರಿದು ಹೊಸಕೋಟೆ ಬಳಿಯ ದೇವನಗೊಂದಿ ತಲುಪುತ್ತದೆ. 1965ರಲ್ಲಿ ಮದ್ರಾಸ್ ರಿಫೈನರೀಸ್ ಎಂದು ಹುಟ್ಟಿದ ಕಂಪನಿಯೇ ಇಂದಿನ ಚೆನ್ನೈ ಪೆಟ್ರೋಲಿಯಂ. ಪಕ್ಕದಲ್ಲೇ ಮದ್ರಾಸ್ ಫರ್ಟಿಲೈಸರ್ಸ್, ಸುತ್ತ ರಾಸಾಯನಿಕ ಕಾರ್ಖಾನೆಗಳು. ಎಣ್ಣೂರು ಮತ್ತು ಚೆನ್ನೈ ಬಂದರುಗಳ ಕಂಟೇನರ್ ಟ್ರೇಲರ್‌ಗಳು ಹಗಲಿರುಳೂ ಇದೇ ದಾರಿ ಹಿಡಿಯುತ್ತವೆ. ಈ ದೈತ್ಯರ ಕಾಲಸಂದಿಯಲ್ಲಿ ನುಸುಳಿಕೊಂಡು ಪೈಪು, ವೆಲ್ಡಿಂಗ್ ಸಿಲಿಂಡರು, ನೀರಿನ ಕ್ಯಾನು, ತರಕಾರಿ ಸಾಗಿಸುವವು ಪಿಕಪ್‌ಗಳು. 2005ರಲ್ಲಿ ಬಂದ ಟಾಟಾ ಏಸ್‌ಗೆ ತಮಿಳರಿಟ್ಟ ಹೆಸರು ‘ಕುಟ್ಟಿ ಯಾನೈ’, ಎಂದರೆ ಆನೆಮರಿ. 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್‌ನ ದೋಸ್ತ್ ತಯಾರಾದದ್ದು ಕರ್ನಾಟಕದ ಗಡಿಗೆ ಅಂಟಿಕೊಂಡ ಹೊಸೂರಿನಲ್ಲಿ. ಆ ಕಂಪನಿಯ ಮೂಲ ಕಾರ್ಖಾನೆ ಇರುವುದು ಮಣಲಿಯ ನೆರೆಯ ಎಣ್ಣೂರಿನಲ್ಲೇ.

ಆನೆಮರಿಯ ಮೇಲೆ ಆನೆಯ ಹೊರೆ ಹೇರುವುದು ನಮ್ಮ ದೇಶದ ಅಭ್ಯಾಸ. ಟ್ರೇಲರ್‌ಗಳು ಅಗೆದಿಟ್ಟ ಗುಂಡಿಗಳಲ್ಲಿ ಮುಂದಿನ ಗಾಲಿ ಇಳಿದೇಳುವಾಗಲೆಲ್ಲ ಪೆಟ್ಟು ಸ್ಟೇರಿಂಗ್‌ವರೆಗೂ ಏರುತ್ತದೆ. ಸಾಲದ್ದಕ್ಕೆ ಹತ್ತಿರದಲ್ಲೇ ಬಂಗಾಳ ಕೊಲ್ಲಿ. ಅದರ ಉಪ್ಪುಗಾಳಿ ಕಬ್ಬಿಣಕ್ಕೆ ಬದ್ಧವೈರಿ. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿತ್ತು; 2023ರ ಡಿಸೆಂಬರ್‌ನಲ್ಲಿ ಮಿಚೌಂಗ್ ಚಂಡಮಾರುತ ಬಂದಾಗ ಪ್ರವಾಹದ ನೀರಿನ ಜೊತೆ ತೈಲವೂ ಎಣ್ಣೂರು ಅಳಿವೆಗೆ ಹರಿಯಿತು. ಅಂಥ ನೀರಲ್ಲಿ ನಿಂತ ಗಾಡಿಯ ಎಂಜಿನ್ ಮತ್ತೆ ಶುರುವಾದರೆ ಮಾಲೀಕ ನಿಟ್ಟುಸಿರು ಬಿಡುತ್ತಾನೆ. ಕೀಲಿನೊಳಗಿನ ಗ್ರೀಸ್ ಕೊಚ್ಚಿಹೋಗಿದೆಯೇ ಎಂದು ಬಗ್ಗಿ ನೋಡುವವರು ಕಡಿಮೆ.

ಶಾಫ್ಟ್ ನೆಟ್ಟಗೆ ಒಂದೇ ದಂಡವಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಚಾಲಕ ಕೂರುವ ಜಾಗದಿಂದ ಸ್ಟೇರಿಂಗ್ ಗೇರ್‌ಬಾಕ್ಸ್‌ಗೆ ನೇರ ದಾರಿ ಇರುವುದಿಲ್ಲ. ಬೊಲೆರೊ ಪಿಕಪ್‌ನಂಥ ಮೂತಿಯ ಗಾಡಿಯಲ್ಲಿ ಶಾಫ್ಟ್ ಎಂಜಿನ್ನಿನ ಪಕ್ಕದಲ್ಲಿ ಓರೆಯಾಗಿ ಹೋಗಬೇಕು. ಚಾಲಕನನ್ನು ಮುಂದಿನ ಗಾಲಿಯ ಮೇಲೇ ಕೂರಿಸುವ ದೋಸ್ತ್‌ನಂಥದರಲ್ಲಿ ಕಡಿದಾಗಿ ಇಳಿದು ಬಾಗಬೇಕು. ಬಾಗುವ ಕಡೆಯೆಲ್ಲ ಯೂನಿವರ್ಸಲ್ ಜಾಯಿಂಟ್ ಬೇಕು. ಗ್ಯಾರೇಜಿನವರ ಬಾಯಲ್ಲಿ ಅದು ‘ಕ್ರಾಸ್’. ಎರಡು ಕವೆಗಳ ನಡುವೆ ಕೂಡಿಸುವ ಗುರುತಿನಂಥ ಉಕ್ಕಿನ ತುಂಡು, ಅದರ ನಾಲ್ಕು ತುದಿಗೂ ಸೂಜಿಯಂಥ ಉರುಳೆಗಳ ಬೇರಿಂಗ್ ಟೋಪಿ. ಟೋಪಿಯ ಸೀಲ್ ಹರಿದು ನೀರು ಒಳಸೇರಿತೆಂದರೆ ಸೂಜಿಗಳು ತುಕ್ಕು ಹಿಡಿದು ಪುಡಿಯಾಗುತ್ತವೆ. ಟೋಪಿಯೊಳಗೆ ಸಂದು ಬೀಳುತ್ತದೆ. ಮೊದಲು ಗುಂಡಿಯಲ್ಲಿ ‘ಕಟಕ್’ ಎಂಬ ಸದ್ದು. ಆಮೇಲೆ ಚಕ್ರದಲ್ಲಿ ‘ಆಟ’: ಕೈ ತಿರುಗಿದರೂ ಗಾಲಿ ತಿರುಗದ ಖಾಲಿ ಜಾಗ. ಕೀಲು ತುಕ್ಕಿನಿಂದ ಬಿಗಿದುಕೊಂಡರೆ ಇದರ ತಿರುವುಮುರುವು. ಚಕ್ರ ಒಂದು ಕಡೆ ಹಗುರ, ಇನ್ನೊಂದು ಕಡೆ ಭಾರ. ತಿರುವು ಮುಗಿದ ಮೇಲೂ ತಾನಾಗಿ ನೆಟ್ಟಗಾಗುವುದಿಲ್ಲ.

ಕಾನೂನು ಈ ಆಟಕ್ಕೆ ಅಳತೆ ಇಟ್ಟಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದಂತೆ ಸ್ಟೇರಿಂಗ್ ಚಕ್ರದ ಆಟ 30 ಡಿಗ್ರಿ ಮೀರುವಂತಿಲ್ಲ. ಗಡಿಯಾರದಲ್ಲಿ 12ರಿಂದ 1ಕ್ಕೆ ಎಷ್ಟು ದೂರವೋ ಅಷ್ಟು. 40 ಸೆಂಟಿಮೀಟರ್ ಅಗಲದ ಚಕ್ರದ ಅಂಚಿನಲ್ಲಿ ಅದು ಹತ್ತು ಸೆಂಟಿಮೀಟರ್ ದಾಟುತ್ತದೆ, ಹೆಚ್ಚುಕಮ್ಮಿ ಅರ್ಧ ಗೇಣು. ಇದು ದಾಟಬಾರದ ಗೆರೆ. ಅಲ್ಲಿಯವರೆಗೆ ಸವೆಯಲು ಬಿಡಬಹುದೆಂದು ಓದಿಕೊಂಡವನ ಗಾಡಿ ಹೆದ್ದಾರಿಯಲ್ಲಿ ಗೆರೆ ಹಿಡಿದು ಹೋಗಲಾರದು.

ಆಟ ಬಂದ ಮಾತ್ರಕ್ಕೆ ಶಾಫ್ಟೇ ಸವೆದಿದೆ ಎನ್ನಲಾಗದು. ಪರೀಕ್ಷೆಗೆ ಇಬ್ಬರು ಸಾಕು. ಗಾಡಿ ನೆಲದ ಮೇಲೇ ಇರಲಿ. ಒಬ್ಬ ಚಕ್ರವನ್ನು ಎಡಕ್ಕೂ ಬಲಕ್ಕೂ ತುಸುವೇ ಅಲುಗಿಸಬೇಕು, ಇನ್ನೊಬ್ಬ ಕ್ರಾಸಿನ ಮೇಲೆ ಬೆರಳಿಟ್ಟಿರಬೇಕು. ಮೇಲಿನ ಕವೆ ಅಲುಗಿ, ಕೆಳಗಿನದು ತಡವಾಗಿ ಅಲುಗಿದರೆ ದೋಷ ಅಲ್ಲೇ ಇದೆ. ಎರಡೂ ಒಟ್ಟಿಗೇ ಅಲುಗಿದರೆ ಗೇರ್‌ಬಾಕ್ಸನ್ನೋ ಟೈ ರಾಡ್ ತುದಿಯನ್ನೋ ನೋಡಬೇಕು. ಕಾಸು ಖರ್ಚಿಲ್ಲದ ಈ ಪರೀಕ್ಷೆ ಮಾಡದೆ ಗೇರ್‌ಬಾಕ್ಸ್ ಬಿಚ್ಚಿಸಿಕೊಂಡು ಜೇಬು ಬರಿದು ಮಾಡಿಕೊಂಡವರು ಉಂಟು.

ದೋಷ ಸಿಕ್ಕ ಮೇಲೆ ಇರುವ ದಾರಿ ಎರಡು, ಬದಲಿಸುವುದು ಅಥವಾ ಬೆಸೆಯುವುದು. ಪೈಪು, ಟ್ಯಾಂಕು ಬೆಸೆಯುವುದೇ ಕಸುಬಾದ ಊರಿನಲ್ಲಿ ಎರಡನೆಯದರ ಸೆಳೆತ ದೊಡ್ಡದು. ಸಡಿಲಾದ ಜಾಗಕ್ಕೆ ನಾಲ್ಕು ಚುಕ್ಕೆ ವೆಲ್ಡಿಂಗ್ ಇಟ್ಟರೆ ಆಟ ಅಲ್ಲೇ ನಿಲ್ಲುತ್ತದೆ, ಸಂಜೆಯ ಬಾಡಿಗೆ ತಪ್ಪುವುದಿಲ್ಲ. ಆದರೆ ಆ ಕಾವಿಗೆ ಉಕ್ಕಿಗೆ ಕೊಟ್ಟಿದ್ದ ಹದ ಕೆಡುತ್ತದೆ, ಬೇರಿಂಗಿನ ಗ್ರೀಸ್ ಸುಟ್ಟುಹೋಗುತ್ತದೆ. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟಿ ಪ್ರತಿ ತಿರುವಿಗೂ ಒಂದಿಷ್ಟು ಬೆಳೆಯುತ್ತದೆ. ಇನ್ನೂ ಒಂದು ಅಪಾಯ ಹೊರಗೆ ಕಾಣುವುದಿಲ್ಲ. ಗಾಡಿ ಎದುರಿಗೆ ಗುದ್ದಿದಾಗ ಕುಗ್ಗಲೆಂದೇ ಈಗಿನ ಸ್ಟೇರಿಂಗ್ ದಂಡವನ್ನು ಒಂದರೊಳಗೊಂದು ಜಾರುವಂತೆ ಮಾಡಿರುತ್ತಾರೆ. ಅಮೆರಿಕದ ಜನರಲ್ ಮೋಟಾರ್ಸ್ 1967ರ ಕಾರುಗಳಲ್ಲಿ ಇಂಥ ದಂಡವಿರುವ ಸ್ಟೇರಿಂಗ್ ಕಾಲಂ ತಂದಿತು. ಅದಕ್ಕೂ ಮೊದಲು ಡಿಕ್ಕಿಯಲ್ಲಿ ಕಾಲಂ ಈಟಿಯಂತೆ ಚಾಲಕನ ಎದೆಗೆ ಬರುತ್ತಿತ್ತು. ಜಾರುವ ಜಾಗಕ್ಕೆ ಬೆಸುಗೆ ಬಿದ್ದರೆ ಆ ಈಟಿ ಮತ್ತೆ ಹುಟ್ಟಿದಂತೆ.

ಬೆಸೆದ ಕಾಲಂನ ಕಥೆ ಜಗತ್ತಿನ ಅತಿ ದುಬಾರಿ ಕಾರುಗಳ ಲೋಕದಲ್ಲೂ ನಡೆದಿದೆ. 1994ರ ಮೇ 1ರಂದು ಇಟಲಿಯ ಇಮೋಲಾದ ಫಾರ್ಮುಲಾ ಒನ್ ರೇಸಿನಲ್ಲಿ, ಮೂರು ಬಾರಿಯ ವಿಶ್ವ ಚಾಂಪಿಯನ್ ಐರ್ಟನ್ ಸೆನ್ನಾರ ವಿಲಿಯಮ್ಸ್ ಕಾರು ತಿರುವಿನಲ್ಲಿ ತಿರುಗದೆ ಗೋಡೆಗೆ ಅಪ್ಪಳಿಸಿತು. ಒಳಗೆ ಇನ್ನಷ್ಟು ಜಾಗ ಬೇಕೆಂದು ಅವರ ಕಾರಿನ ಕಾಲಂ ಕತ್ತರಿಸಿ, ಕಡಿಮೆ ದಪ್ಪದ ಕೊಳವೆಯೊಂದನ್ನು ಸೇರಿಸಿ ಬೆಸೆದಿದ್ದರು. ಅದು ಮುರಿದದ್ದು ಗೋಡೆಗೆ ಬಡಿಯುವ ಮುಂಚೆಯೋ ಆಮೇಲೋ ಎಂದು ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಕೆಟ್ಟದಾಗಿ ರೂಪಿಸಿದ, ಕೆಟ್ಟದಾಗಿ ಮಾಡಿದ ಆ ಮಾರ್ಪಾಡೇ ಅಪಘಾತಕ್ಕೆ ಕಾರಣವೆಂದು ಇಟಲಿಯ ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಹೇಳಿತು. ಫಾರ್ಮುಲಾ ಒನ್ ತಂಡದ ಕೈಗೇ ಒಲಿಯದ ಬೆಸುಗೆ ರಸ್ತೆಬದಿಯ ಶೆಡ್ಡಿಗೆ ಒಲಿದೀತೇ?

ಕಾರ್ಖಾನೆಯಿಂದ ಬಂದ ಶಾಫ್ಟಿನಲ್ಲೂ ದೋಷ ಇರಬಹುದು. 2012ರ ನವೆಂಬರ್‌ನಲ್ಲಿ ಟೊಯೋಟಾ ಜಗತ್ತಿನಾದ್ಯಂತ 27 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆಸಿತು. ಸ್ಟೇರಿಂಗಿನ ನಡುವಣ ಶಾಫ್ಟಿಗೆ ಸಾಕಷ್ಟು ಗಡಸುತನವಿಲ್ಲದೆ, ನಿಧಾನ ವೇಗದಲ್ಲಿ ಪದೇ ಪದೇ ಜೋರಾಗಿ ತಿರುಗಿಸಿದರೆ ಅದನ್ನು ಗೇರ್‌ಬಾಕ್ಸಿಗೆ ಜೋಡಿಸುವ ಹಲ್ಲುಗಳು ಸವೆಯುವ ಸಾಧ್ಯತೆಯಿತ್ತು. ಇಕ್ಕಟ್ಟಿನ ಯಾರ್ಡಿನಲ್ಲಿ ಹೊರೆ ಹೊತ್ತು ಹಿಂದೆ ಮುಂದೆ ಆಡುವ ಪಿಕಪ್‌ನ ದಿನಚರಿಯೂ ಅದೇ ತಾನೆ.

ಬದಲಿಸುವ ಕೆಲಸ ದೊಡ್ಡದಲ್ಲ, ಆದರೆ ಒಂದು ಹೆಜ್ಜೆಯೂ ತಪ್ಪುವಂತಿಲ್ಲ. ಮೊದಲು ಮುಂದಿನ ಗಾಲಿಗಳನ್ನು ನೆಟ್ಟಗೆ ನಿಲ್ಲಿಸಬೇಕು. ಏರ್‌ಬ್ಯಾಗ್ ಇದ್ದರೆ ಬ್ಯಾಟರಿ ತಂತಿ ಕಳಚಿ, ಚಕ್ರವನ್ನು ಸೀಟ್ ಬೆಲ್ಟಿನಿಂದ ಕಟ್ಟಿಹಾಕಬೇಕು. ಶಾಫ್ಟ್ ಕಳಚಿದಾಗ ಚಕ್ರ ಮನಬಂದಂತೆ ಸುತ್ತಿದರೆ ಅದರೊಳಗಿನ ಸುರುಳಿ ತಂತಿ ಹರಿಯುತ್ತದೆ. ಹಳೆಯ ಶಾಫ್ಟ್ ಹಲ್ಲಿಗೆ ಹಲ್ಲು ಕೂತಿರುವ ಜಾಗಕ್ಕೆ ಬಣ್ಣದ ಗುರುತು ಹಾಕಬೇಕು. ಒಂದು ಹಲ್ಲು ತಪ್ಪಿದರೂ ಗಾಡಿ ನೆಟ್ಟಗೆ ಹೋಗುವಾಗ ಚಕ್ರ ಓರೆಯಾಗಿರುತ್ತದೆ. ಬಿಗಿಯುವ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರತೆಗೆಯಬೇಕು. ಅನೇಕ ಗಾಡಿಗಳಲ್ಲಿ ಅದು ಶಾಫ್ಟಿನ ಕಚ್ಚಿನಲ್ಲಿ ಅಡ್ಡ ಕೂತಿರುತ್ತದೆ. ಇದು ತಿಳಿಯದವರು ಸುತ್ತಿಗೆ ಎತ್ತುತ್ತಾರೆ, ಕುಗ್ಗಬೇಕಾದ ಕಾಲಂ ಅಲ್ಲೇ ಕುಗ್ಗಿಬಿಡುತ್ತದೆ.

ಹೊಸದನ್ನು ಕೂರಿಸುವಾಗ ಶತಮಾನಗಳಷ್ಟು ಹಳೆಯ ಗಣಿತವೊಂದು ಎದುರಾಗುತ್ತದೆ. ಇಟಲಿಯ ಕಾರ್ಡಾನೋ, ಇಂಗ್ಲೆಂಡಿನ ರಾಬರ್ಟ್ ಹುಕ್ ಇಬ್ಬರ ಹೆಸರೂ ಅಂಟಿಕೊಂಡಿರುವ ಈ ಕೀಲಿಗೆ ಒಂದು ಹುಟ್ಟುಗುಣವಿದೆ. ಬಾಗಿ ತಿರುಗುವಾಗ ಅದು ವೇಗವನ್ನು ಸಮನಾಗಿ ದಾಟಿಸುವುದಿಲ್ಲ. 30 ಡಿಗ್ರಿ ಬಾಗಿದ ಕೀಲಿನಲ್ಲಿ ಅತ್ತ ಕಡೆಯ ವೇಗ ಒಂದೇ ಸುತ್ತಿನಲ್ಲಿ ಎರಡೆರಡು ಸಲ 0.87ಕ್ಕೆ ಇಳಿದು 1.15ಕ್ಕೆ ಏರುತ್ತದೆ. ಎರಡು ಕೀಲುಗಳನ್ನು ಸರಿಯಾದ ಜೋಡಿಯಾಗಿ ಇಟ್ಟರೆ ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆ. ಶಾಫ್ಟನ್ನು ತಪ್ಪು ತಿರುಗಿಸಿ ಕೂರಿಸಿದರೆ ತಪ್ಪುಗಳು ಕೂಡಿಕೊಂಡು, ಹೊಸ ಭಾಗ ಹಾಕಿದ ಮೇಲೂ ಸ್ಟೇರಿಂಗ್ ‘ಹಿಡಿಯುತ್ತದೆ’.

ಕೊನೆಗೆ ಹೊಸ ಬೋಲ್ಟ್, ಕಂಪನಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚ್. ಎಡದ ಕೊನೆಯಿಂದ ಬಲದ ಕೊನೆಯವರೆಗೆ ಚಕ್ರ ತಿರುಗಿಸಿ, ಎಲ್ಲೂ ತಾಗುತ್ತಿಲ್ಲವೆಂದು ನೋಡಿದ ಮೇಲೇ ರಸ್ತೆ.

ಮೋಟಾರು ಬಿಡಿಭಾಗಗಳಿಗೆ ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ ಹೇಗೋ, ಬಿಚ್ಚಿದ ಗಾಡಿಗಳ ಭಾಗಗಳಿಗೆ ಚೆನ್ನೈನಲ್ಲಿ ಪುದುಪೇಟೆ ಹಾಗೆ. ಬಾಗಿಲು, ದೀಪ, ಬಂಪರ್ ಅಲ್ಲಿಂದ ತಂದರೆ ತೊಂದರೆಯಿಲ್ಲ. ಆದರೆ ತೊಳೆದು ಬಣ್ಣ ಬಳಿದ ಹಳೆಯ ಸ್ಟೇರಿಂಗ್ ಶಾಫ್ಟಿನ ವಯಸ್ಸು ಹೊರಗಿನಿಂದ ಗೊತ್ತಾಗುವುದಿಲ್ಲ. ಹಾಗಾಗಿ ತಿಳಿದ ಮೇಸ್ತ್ರಿ ಬಿಚ್ಚಿದ ಹಳೆಯ ಶಾಫ್ಟನ್ನು ಇಡಿಯಾಗಿ ಗುಜರಿಗೆ ಎಸೆಯುವುದಿಲ್ಲ. ನಡುವೆ ಕತ್ತರಿಸಿ ಎರಡು ತುಂಡು ಮಾಡಿ ಹಾಕುತ್ತಾನೆ. ಪಕ್ಕದ ಶೆಡ್ಡಿನ ಗ್ಯಾಸ್ ಕಟ್ಟರ್‌ಗೆ ಈ ದಂಡದ ಮೇಲೆ ಮಾಡಲು ಇರುವ ಕೆಲಸ ಅದೊಂದೇ.