ತಪ್ಪಿತಸ್ಥರಿಲ್ಲದ ಟ್ರಾಫಿಕ್ ಜಾಮ್

230 ಮೀಟರ್ ಸುತ್ತಳತೆಯ ದುಂಡನೆಯ ಹಾದಿ, ಅದರ ಮೇಲೆ 22 ಕಾರು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ, ಮುಂದಿನ ಕಾರಿಗೆ ತಾಗದಂತೆ ಸುತ್ತುತ್ತಿರಿ ಎಂದಷ್ಟೇ ಚಾಲಕರಿಗೆ ಹೇಳಲಾಗಿತ್ತು. ಸಿಗ್ನಲ್ ಇಲ್ಲ, ಅಡ್ಡರಸ್ತೆ ಇಲ್ಲ, ಗುಂಡಿಯೂ ಇಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಒಂದೆಡೆ ಕಾರುಗಳು ಒತ್ತೊತ್ತಾಗಿ ಸೇರಿ, ಕೆಲವು ಪೂರ್ತಿ ನಿಂತೇಬಿಟ್ಟವು. ಜಪಾನಿನ ಭೌತವಿಜ್ಞಾನಿ ಯೂಕಿ ಸುಗಿಯಾಮಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗವಿದು.

ಆಗಿದ್ದಿಷ್ಟು: ಒಬ್ಬರ ಕಾಲು ಆಕ್ಸಿಲರೇಟರ್ ಮೇಲೆ ತುಸು ಸಡಿಲವಾಗುತ್ತದೆ. ಹಿಂದಿನವರಿಗೆ ಅದು ತಿಳಿಯಲು ಕ್ಷಣ ಹಿಡಿಯುತ್ತದೆ. ಅಷ್ಟರಲ್ಲಿ ನಡುವಿನ ಜಾಗ ಕಿರಿದಾಗಿರುವುದರಿಂದ ಅವರು ಇನ್ನೂ ಜೋರಾಗಿ ಬ್ರೇಕ್ ಒತ್ತಬೇಕು. ಅವರ ಹಿಂದಿನವರು ಮತ್ತೂ ಜೋರಾಗಿ. ಹೀಗೆ ಬೆಳೆಯುತ್ತ ಹೋದ ತಡ, ಕೆಲವು ಕಾರುಗಳಾಚೆ ಯಾರನ್ನೋ ನಿಲ್ಲಿಸುತ್ತದೆ. ನಿಂತ ಸಾಲಿನ ಮುಂದಿನ ಕಾರು ಹೊರಟಂತೆಲ್ಲ ಹಿಂದೆ ಹೊಸದೊಂದು ಬಂದು ಸೇರುತ್ತದೆ. ಕಾರುಗಳೆಲ್ಲ ಮುಂದಕ್ಕೆ ಹೋಗುತ್ತಿದ್ದರೂ ಜಾಮ್ ಮಾತ್ರ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಸರಿಯುತ್ತದೆ!

ಹೆದ್ದಾರಿಯಲ್ಲಿ ಸಿಕ್ಕಿಬಿದ್ದಾಗ, ಮುಂದೆ ಯಾರೋ ಎಡವಟ್ಟು ಮಾಡಿರಬೇಕು ಎಂದು ನಾವು ಬೈದುಕೊಳ್ಳುತ್ತೇವೆ. ಆದರೆ ಈ ಪ್ರಯೋಗದಲ್ಲಿ ಬೈಯಲು ಯಾರೂ ಇಲ್ಲ. ಪ್ರತಿಯೊಬ್ಬರೂ ಎಚ್ಚರದಿಂದಲೇ ಓಡಿಸಿದ್ದರು. ಸಂಕೀರ್ಣ ವ್ಯವಸ್ಥೆಗಳ ವಿಜ್ಞಾನ ಕಲಿಸುವ ಬಲು ಮುಖ್ಯ ಪಾಠ ಇದೇ ಎಂದು ನನಗನಿಸುತ್ತದೆ: ಗುಂಪಿನ ನಡತೆ ಯಾವ ಒಬ್ಬರೊಳಗೂ ಇರುವುದಿಲ್ಲ, ಅವರವರ ನಡುವಿನ ಕೊಡುಕೊಳ್ಳುವಿಕೆಯಲ್ಲಿ ಹುಟ್ಟುತ್ತದೆ. ಅದೇ ಹಾದಿಯಲ್ಲಿ ಕಾರುಗಳು ಕಡಿಮೆಯಿದ್ದರೆ ಅಂಥ ಸಣ್ಣ ಏರುಪೇರು ತಾನಾಗಿ ಅಡಗುತ್ತದೆ. ದಟ್ಟಣೆ ಒಂದು ಮಿತಿ ದಾಟಿದರೆ, ಅದೇ ಏರುಪೇರು ಅಲೆಯಾಗುತ್ತದೆ. ಭೌತವಿಜ್ಞಾನಿಗಳು ಇದನ್ನು ನೀರು ಮಂಜುಗಡ್ಡೆಯಾಗುವ ಬಗೆಯ ಸ್ಥಿತ್ಯಂತರವೆಂದೇ ಪರಿಗಣಿಸುತ್ತಾರೆ.

ಪರಿಹಾರ ಇನ್ನೂ ಸೋಜಿಗದ್ದು. ಅಮೆರಿಕದ ಅರಿಜೋನಾದಲ್ಲಿ ಇಂಥದ್ದೇ ವೃತ್ತದಲ್ಲಿ ಸುಮಾರು 20 ಕಾರುಗಳ ಪೈಕಿ ಒಂದರ ವೇಗವನ್ನು ಮಾತ್ರ ಕಂಪ್ಯೂಟರಿಗೆ ಒಪ್ಪಿಸಿದರು. ಮುಂದೆ ಜಾಗ ತೆರೆದರೂ ಅದು ನುಗ್ಗಲಿಲ್ಲ, ಸರಾಸರಿ ವೇಗದಲ್ಲೇ ಸಾಗಿತು. ಅಲೆ ಅಡಗಿತು, ಇಂಧನದ ಖರ್ಚು ಶೇ. 40ರವರೆಗೂ ಇಳಿಯಿತು.

ಇಂಥ ಅಲೆಯ ಗಣಿತ ಒಂದರ ಹಿಂದೊಂದು ಸಾಗುವ ವಾಹನಗಳದ್ದು. 2023ರ ಆಗಸ್ಟ್‌ನಿಂದ ಬೈಕು, ಆಟೋಗಳನ್ನು ಮುಖ್ಯಪಥದಿಂದ ಹೊರಗಿಟ್ಟಿರುವ ಬೆಂಗಳೂರು–ಮೈಸೂರು ಹೆದ್ದಾರಿಗೆ ಇದು ಹೆಚ್ಚು ಒಗ್ಗುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಅಷ್ಟು ಸಾಲದು. ಅಲ್ಲಿ ಬೈಕುಗಳು ಬಸ್ಸುಗಳ ಸಂದಿಯಲ್ಲಿ ನುಸುಳುತ್ತವೆ. ಹಾಗಾಗಿ ಮುಂದಿನ ಅಂತರದ ಜೊತೆಗೆ ಅಕ್ಕಪಕ್ಕದ ಅಂತರವನ್ನೂ ಲೆಕ್ಕಕ್ಕೆ ಹಿಡಿಯಬೇಕು.